ರಿಮೋಟು, ಕಂಪ್ಯೂಟರು ಮತ್ತು ನಡುವಿನ ತಂತಿ

ಟಿ.ವಿ. ರಿಮೋಟಿನ ಚರಿತ್ರೆ ಶುರುವಾಗುವುದು ಒಂದು ತಂತಿಯಿಂದ. 1950ರಲ್ಲಿ ಅಮೆರಿಕದ ಜೆನಿತ್ ಕಂಪನಿ 'ಲೇಜಿ ಬೋನ್ಸ್' ಎಂಬ ಸಾಧನವನ್ನು ಮಾರಾಟಕ್ಕೆ ತಂದಿತು. ಮೈಗಳ್ಳ ಎಂದು ಅದರ ಅರ್ಥ. ಟಿ.ವಿ.ಯಿಂದ ಕುರ್ಚಿಯವರೆಗೆ ದಪ್ಪನೆಯ ತಂತಿ ಎಳೆದಿರುತ್ತಿತ್ತು. ನಡುಮನೆಯಲ್ಲಿ ಓಡಾಡುವವರು ಅದಕ್ಕೆ ಎಡವುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ತಂತಿ ಕಿತ್ತುಹಾಕಿ, ಬೆಳಕಿನ ಕಿರಣದಿಂದ ಕೆಲಸ ಮಾಡುವ 'ಫ್ಲ್ಯಾಶ್‌ಮ್ಯಾಟಿಕ್' ರೂಪಿಸಿದರು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳಿದ್ದವು. ಕಿಟಕಿಯಿಂದ ಬಿಸಿಲು ಬಿದ್ದರೆ ಚಾನೆಲ್ ತನ್ನಷ್ಟಕ್ಕೆ ಬದಲಾಗಿಬಿಡುತ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ಅದನ್ನೂ ಸರಿಪಡಿಸಿದರು. ಅವರ 'ಸ್ಪೇಸ್ ಕಮಾಂಡ್'ನಲ್ಲಿ ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯುಮಿನಿಯಂ ಸರಳಿಗೆ ಬಡಿಯುತ್ತಿತ್ತು. ನಮ್ಮ ಕಿವಿಗೆ ಕೇಳದ ಆ ನಾದ ಟಿ.ವಿ.ಗೆ ಕೇಳುತ್ತಿತ್ತು. ಅದಕ್ಕೆ ಬ್ಯಾಟರಿಯೂ ಬೇಕಿರಲಿಲ್ಲ. 1980ರ ದಶಕದ ಹೊತ್ತಿಗೆ ಇದರ ಜಾಗಕ್ಕೆ ಇನ್‌ಫ್ರಾರೆಡ್, ಅಂದರೆ ಅವಕೆಂಪು ಕಿರಣದ ರಿಮೋಟು ಬಂತು. ಇವತ್ತು ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಅದೇ.

ಈ ಮೂವತ್ತು ವರ್ಷಗಳ ಕತೆಯನ್ನು ತಂತಿಯಿಂದ ಬಿಡುಗಡೆಯಾದ ಕತೆಯೆಂದೇ ಎಲ್ಲರೂ ಹೇಳುತ್ತಾರೆ. ಆದರೆ 1980ರ ದಶಕದಲ್ಲಿ ತಂತಿ ಮತ್ತೆ ಬಂತು. ಈ ಸಲ ಅದು ಟಿ.ವಿ.ಗೂ ರಿಮೋಟಿಗೂ ನಡುವೆ ಇರಲಿಲ್ಲ, ರಿಮೋಟಿಗೂ ಕಂಪ್ಯೂಟರಿಗೂ ನಡುವೆ ಇತ್ತು. ಆ ಎರಡನೆಯ ತಂತಿಯ ಚರಿತ್ರೆಯನ್ನು ಬರೆದವರು ಕಡಿಮೆ. ಕಲ್ಯಾಣ ಕರ್ನಾಟಕದ ಎರಡು ಸಣ್ಣ ಊರುಗಳಲ್ಲಿ ನಿಂತು ಅದನ್ನು ನೋಡಿದರೆ, ನಮ್ಮ ಮನೆಯ ಯಂತ್ರಗಳು ಯಾಕೆ ಮುರಿಯದೆಯೇ ಸಾಯುತ್ತವೆ ಎಂಬುದು ಸ್ವಲ್ಪ ತಿಳಿಯುತ್ತದೆ.

ಹಲವು ನುಡಿಗಳ ಪೇಟೆ

ರಿಮೋಟಿನ ತುದಿಯಲ್ಲಿರುವ ಸಣ್ಣ ದೀಪ ಸೆಕೆಂಡಿಗೆ ಸುಮಾರು 36ರಿಂದ 40 ಸಾವಿರ ಸಲ ಮಿನುಗುತ್ತದೆ. ಈ ಮಿನುಗಿನ ಉದ್ದ-ಗಿಡ್ಡ ಗುಚ್ಛಗಳಲ್ಲಿ ಸಂದೇಶ ಅಡಗಿರುತ್ತದೆ. ಫಿಲಿಪ್ಸ್ ಕಂಪನಿಯದು ಒಂದು ಕ್ರಮ, ಆರ್‌ಸಿ-5 ಎಂದು ಹೆಸರು; ಅದರಲ್ಲಿ ಒಂದು ಸಂದೇಶಕ್ಕೆ 14 ಬಿಟ್. ಜಪಾನಿನ ಎನ್‌ಇಸಿ ಕಂಪನಿಯದು ಇನ್ನೊಂದು ಕ್ರಮ. ಅದು 9 ಮಿಲಿಸೆಕೆಂಡಿನ ಉದ್ದನೆಯ ಮಿನುಗಿನಿಂದ ಮಾತು ಆರಂಭಿಸುತ್ತದೆ. ಸೋನಿಯದು ಮತ್ತೊಂದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಮನೆಯಲ್ಲಿ ಎಷ್ಟು ಯಂತ್ರವೋ ಅಷ್ಟು ರಿಮೋಟು.

ಬಸವಕಲ್ಯಾಣದ ಪೇಟೆಯಲ್ಲಿ ಕುಳಿತ ಕಿರಾಣಿ ವ್ಯಾಪಾರಿಯನ್ನು ನೆನೆದರೆ ಇದಕ್ಕೆ ಪರಿಹಾರ ಹೊಳೆಯುತ್ತದೆ. ಒಬ್ಬ ಗಿರಾಕಿಗೆ ಕನ್ನಡ, ಮುಂದಿನವನಿಗೆ ದಖನಿ, ಉಮರ್ಗಾ ಕಡೆಯಿಂದ ಬಂದವನಿಗೆ ಮರಾಠಿ, ಜಹೀರಾಬಾದಿನವನಿಗೆ ತೆಲುಗು. ಗಿರಾಕಿ ಬದಲಾದಂತೆ ವ್ಯಾಪಾರಿಯ ನಾಲಗೆ ಹೊರಳುತ್ತದೆ. ಎಲ್ಲ ಯಂತ್ರಗಳ ನುಡಿಯನ್ನೂ ಆಡಬಲ್ಲ ಒಂದೇ ರಿಮೋಟು ಬೇಕು ಎಂಬ ಯೋಚನೆ ಇಂಥದ್ದೇ. ಆದರೆ ವ್ಯಾಪಾರಿ ಆ ನುಡಿಗಳನ್ನು ಪೇಟೆಯಲ್ಲಿ ಕಲಿತ. ರಿಮೋಟಿಗೆ ಕಲಿಸುವವರು ಯಾರು?

1987ರಲ್ಲಿ ಇದಕ್ಕೊಂದು ಉತ್ತರ ಬಂತು. ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅಲ್ಲಿಂದ ಹೊರಬಂದು 'ಸಿಎಲ್ 9' ಎಂಬ ಕಂಪನಿ ಕಟ್ಟಿ, 'ಕೋರ್' ಎಂಬ ರಿಮೋಟನ್ನು ತಂದರು. ಬೇರೆ ರಿಮೋಟನ್ನು ಅದರ ಎದುರಿಗೆ ಹಿಡಿದು ಗುಂಡಿ ಒತ್ತಿದರೆ ಆ ಮಿನುಗನ್ನು ಅದು ಕಂಠಪಾಠ ಮಾಡಿಕೊಳ್ಳುತ್ತಿತ್ತು. ಬ್ಯಾಟರಿಯ ಮುಚ್ಚಳ ತೆಗೆದರೆ ಒಳಗೆ ಲೋಹದ ಮೂರು ಸಂಪರ್ಕ ಬಿಂದುಗಳು. ಅವುಗಳ ಮೂಲಕ ರಿಮೋಟನ್ನು ಕಂಪ್ಯೂಟರಿಗೆ ಜೋಡಿಸಬಹುದಿತ್ತು. ಎರಡನೆಯ ತಂತಿಯ ಆರಂಭದ ಗುರುತು ಆ ಮೂರು ಬಿಂದುಗಳು. ಕೋರ್ ಹೆಚ್ಚು ಮಾರಾಟವಾಗಲಿಲ್ಲ. ಅದಕ್ಕೆ ಕಲಿಸುವ ಕೆಲಸ ಸಾಮಾನ್ಯ ಬಳಕೆದಾರರಿಗೆ ಎಟುಕುವಂತಿರಲಿಲ್ಲ.

1998ರಲ್ಲಿ ಫಿಲಿಪ್ಸ್‌ನ 'ಪ್ರಾಂಟೊ' ಬಂದಾಗ ಕಂಪ್ಯೂಟರಿನ ಜೋಡಣೆ ರಿಮೋಟಿನ ಮುಖ್ಯ ಗುಣವೇ ಆಯಿತು. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಒತ್ತಿದರೆ ಏನಾಗಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಬರೆದು ಸೀರಿಯಲ್ ತಂತಿಯ ಮೂಲಕ ಅದರೊಳಗೆ ಇಳಿಸಬೇಕಿತ್ತು. 2000ದ ಸುಮಾರಿಗೆ ಕೆಲವು ಹವ್ಯಾಸಿಗಳು ಅಗ್ಗದ 'ಒನ್ ಫಾರ್ ಆಲ್' ರಿಮೋಟುಗಳ ಬ್ಯಾಟರಿ ಗೂಡಿನಲ್ಲಿ ಆರು ಮುಳ್ಳುಗಳ ಜಾಗವೊಂದನ್ನು ಕಂಡುಕೊಂಡರು. ಫಲಕದ ಮೇಲೆ ಅಲ್ಲಿ 'ಜೆಪಿ1' ಎಂದು ಬರೆದಿತ್ತು. ಅವರು ತಾವೇ ತಂತಿ ಬೆಸುಗೆ ಹಾಕಿ, ತಾವೇ ತಂತ್ರಾಂಶ ಬರೆದು, ರಿಮೋಟಿನ ನೆನಪನ್ನು ಓದಿದರು, ತಿದ್ದಿದರು, ತಿದ್ದುವ ಬಗೆಯನ್ನು ಪರಸ್ಪರ ಹಂಚಿಕೊಂಡರು. ಅದೇ ಕಾಲದಲ್ಲಿ ಕೆನಡಾದ ಒಂದು ಸಣ್ಣ ಕಂಪನಿಯಲ್ಲಿ ಹುಟ್ಟಿದ 'ಹಾರ್ಮನಿ' ಬೇರೆ ದಾರಿ ಹಿಡಿಯಿತು. ಅದನ್ನು 2004ರಲ್ಲಿ ಲಾಜಿಟೆಕ್ ಕೊಂಡಿತು. ಮನೆಯಲ್ಲಿರುವ ಯಂತ್ರಗಳ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅಂತರ್ಜಾಲದಾಚೆಯ ಕಂಪನಿಯ ಸರ್ವರ್ ಸಿದ್ಧಪಡಿಸಿ ಕಳಿಸುತ್ತಿತ್ತು. ಹೀಗೆ ತಂತಿ ಕಂಪ್ಯೂಟರಿನಲ್ಲಿ ನಿಲ್ಲದೆ ಸಮುದ್ರದಾಚೆಗೂ ಚಾಚಿತು.

ಹೈದರಾಬಾದಿನ ದಾರಿ

ನಮ್ಮ ಕಡೆಗೆ ಟಿ.ವಿ. ಬಂದದ್ದು ರಿಮೋಟಿಲ್ಲದೆ, ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಇಳಿದವು. ಕರ್ನಾಟಕದ ಪಾಲಿನ ಹಳ್ಳಿಗಳು ಕಲಬುರಗಿಯ ಸುತ್ತಿನ ಜಿಲ್ಲೆಗಳಲ್ಲಿದ್ದವು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಸೆಟ್ಟು, ನೋಡಿಕೊಳ್ಳಲು ಊರಿನಲ್ಲೊಬ್ಬ ಉಸ್ತುವಾರಿ. ಸೆಟ್ಟು ಹಾಕುವುದು, ಆರಿಸುವುದು, ಕೆಟ್ಟರೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಊರಿನ ಪಾಲಿಗೆ ಆ ಮನುಷ್ಯನೇ ರಿಮೋಟು.

ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಗೆ. 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು ಅದಾದ ಮೇಲೆ. ಟಿ.ವಿ.ಯ ವಿಷಯದಲ್ಲಿ ಮಾತ್ರ ಹಿಂದುಳಿದ ಪ್ರದೇಶ ಎನಿಸಿಕೊಂಡ ನಮ್ಮ ಭಾಗ ರಾಜಧಾನಿಗಿಂತ ಮುಂದಿತ್ತು. 2000ದಲ್ಲಿ ಆರಂಭವಾದ ಈಟಿವಿ ಕನ್ನಡದ ಸಂಸಾರ ನಡೆದದ್ದೂ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿ, ನಿಜಾಮರ ಕಾಲದ ಗಡಿ ಅಳಿಸಿದರೂ, ಕನ್ನಡದ ಚಿತ್ರ ನಮ್ಮ ಮನೆಗೆ ಹೈದರಾಬಾದನ್ನು ಹಾಯ್ದೇ ಬರುತ್ತಿತ್ತು. ಸಾಮಾನೂ ಅದೇ ದಾರಿ ಹಿಡಿಯಿತು. ಹಿಂದೆ 9 ಎನ್ನುತ್ತಿದ್ದ, ಈಗ 65 ಎನ್ನುವ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರದಿಂದ ಸಸ್ತಾಪುರ ಬಂಗ್ಲಾ, ಹುಮನಾಬಾದ ದಾಟಿ ಹೈದರಾಬಾದಿಗೆ ಹೋಗುತ್ತದೆ. ಬಿಡಿಭಾಗ, ತಂತಿ, ಹಳೆಯ ಸೆಟ್ಟು, ಕೊಲ್ಲಿ ದೇಶಗಳಿಂದ ವಿಮಾನದಲ್ಲಿಳಿದ ಪೆಟ್ಟಿಗೆಗಳು, ಎಲ್ಲವೂ ಈ ರಸ್ತೆಯಲ್ಲಿ ಬಂದವು.

ಒಂದು ಮನೆಗೆ ಎರಡು ರಿಮೋಟು ಬರುವಂತೆ ಮಾಡಿದ್ದು ಕಾನೂನು. 2011ರ ಕೇಬಲ್ ಟಿ.ವಿ. ತಿದ್ದುಪಡಿ ಕಾಯ್ದೆಯ ಪ್ರಕಾರ ದೇಶದ ಕೇಬಲ್ ಜಾಲ ಹಂತಹಂತವಾಗಿ ಡಿಜಿಟಲ್ ಆಗಬೇಕಿತ್ತು. ಬೆಂಗಳೂರು, ಮೈಸೂರು ಎರಡನೆಯ ಹಂತದಲ್ಲಿ. ನಮ್ಮಂಥ ಪಟ್ಟಣಗಳು ಮೂರನೆಯ ಹಂತದಲ್ಲಿ, ಗಡುವು 2015ರ ಡಿಸೆಂಬರ್ 31. ಹಳ್ಳಿಗಳ ಗಡುವು 2017ರ ಮಾರ್ಚ್ 31ಕ್ಕೆ ಹೋಯಿತು. ಪ್ರತಿ ಟಿ.ವಿ.ಯ ಪಕ್ಕಕ್ಕೂ ಸೆಟ್‌ಟಾಪ್ ಬಾಕ್ಸ್ ಬಂದು ಕುಳಿತಿತು. ಟಿ.ವಿ. ಹಾಕಲು ಒಂದು ರಿಮೋಟು, ಚಾನೆಲ್ ಹೊರಳಿಸಲು ಇನ್ನೊಂದು. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ, ಓದು ಬಾರದವರಿಗೆ ಇದು ಸಣ್ಣ ತೊಂದರೆಯೇನಲ್ಲ. ಅದುವರೆಗೆ ತಾವೇ ಟಿ.ವಿ. ಹಾಕಿಕೊಳ್ಳುತ್ತಿದ್ದ ಹಿರಿಯರು ಮೊಮ್ಮಕ್ಕಳನ್ನು ಕರೆಯತೊಡಗಿದರು.

ಕೊಂಡಿ ಹುಡುಕುವ ಕ್ರಮ

ಹುಮನಾಬಾದಿನಲ್ಲಿರುವ ನನ್ನ ದೊಡ್ಡವ್ವನಿಗೆ ಪಾರ್ಶ್ವವಾಯು ಆಗಿ ಬಲಗೈ ಬಿದ್ದುಹೋಗಿದೆ, ಮಾತೂ ತೊದಲುತ್ತದೆ. ಸೌದಿಯಲ್ಲಿದ್ದ ಮಗ ವರ್ಷಗಳ ಹಿಂದೆ ತಂದಿದ್ದ ಪ್ರೋಗ್ರಾಮ್ ಮಾಡುವ ರಿಮೋಟು ಆಕೆಯ ಎಡಗೈಗೆ ಒಗ್ಗಿತ್ತು. ಮೇಲಿನ ದೊಡ್ಡ ಗುಂಡಿ ಒತ್ತಿದರೆ ಟಿ.ವಿ., ಬಾಕ್ಸು ಎರಡೂ ಹೊತ್ತಿಕೊಂಡು, ಆಕೆ ನೋಡುವ ಚಾನೆಲ್ಲೇ ಬರುತ್ತಿತ್ತು. ಯಾರನ್ನೂ ಕರೆಯದೆ ತಾನೇ ಮಾಡಿಕೊಳ್ಳಬಲ್ಲ ಕೆಲಸಗಳಲ್ಲಿ ಅದೊಂದು ಉಳಿದಿತ್ತು. ಈಚೆಗೆ ಕೇಬಲ್‌ನವರು ಬಾಕ್ಸ್ ಬದಲಿಸಿದಾಗ ಆ ಗುಂಡಿ ಅರ್ಧ ಕೆಲಸ ಮಾಡಿ ನಿಂತಿತು. ರಿಮೋಟಿಗೆ ಹೊಸ ಬಾಕ್ಸಿನ ನುಡಿ ಕಲಿಸಬೇಕಿತ್ತು; ಅದಕ್ಕೆ ಕಂಪ್ಯೂಟರ್ ಬೇಕು; ಕಂಪ್ಯೂಟರಿಗೆ ಈ ರಿಮೋಟು ಕಾಣುತ್ತಲೇ ಇರಲಿಲ್ಲ.

ಬಸವಕಲ್ಯಾಣದ ಒಬ್ಬ ಹಳೆಯ ರಿಪೇರಿಗಾರರ ಹತ್ತಿರ ಒಯ್ದೆ. ರೇಡಿಯೊದಿಂದ ಮೊಬೈಲಿನವರೆಗೆ ಎಲ್ಲದರ ಹೊಟ್ಟೆಯನ್ನೂ ಬಿಚ್ಚಿದವರು. ಅವರ ಮೊದಲ ಮಾತು: "ತಮ್ಮಾ, ಮೊದಲ ತಾರ್ ನೋಡು, ಆಮ್ಯಾಲ ಕಂಪ್ಯೂಟರ್‌ಗ ಬೈ." ಅವರು ಹೋದ ಕ್ರಮ ಹೀಗಿತ್ತು.

ಮೊದಲು, ರಿಮೋಟಿಗೆ ಜೀವವಿದೆಯೇ? ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿದರು. ಬರಿಗಣ್ಣಿಗೆ ಕಾಣದ ಅವಕೆಂಪು ಮಿನುಗು ಕ್ಯಾಮೆರಾದ ಪರದೆಯಲ್ಲಿ ನೇರಳೆ ಚುಕ್ಕೆಯಾಗಿ ಕಂಡಿತು. ರಿಮೋಟು ಸರಿಯಿದೆ ಎಂದಾಯಿತು.

ಆಮೇಲೆ ತಂತಿ. ಯುಎಸ್‌ಬಿ ಎಂಬ ಜೋಡಣೆಯ ಮೊದಲ ಆವೃತ್ತಿ ಹೊರಬಂದದ್ದು 1996ರ ಜನವರಿಯಲ್ಲಿ. ಇಂಟೆಲ್‌ನಲ್ಲಿ ಅದನ್ನು ರೂಪಿಸಿದವರಲ್ಲಿ ಪ್ರಮುಖರು ಬರೋಡಾದಲ್ಲಿ ಓದಿದ ಅಜಯ್ ಭಟ್. ಅದರ ಹಿಂದೆ ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮಿಗೊಂದು ಎಂದು ಬೇರೆ ಬೇರೆ ಆಕಾರದ ತೂತುಗಳಿದ್ದವು. ಯುಎಸ್‌ಬಿಯ ಸಾಮಾನ್ಯ ತಂತಿಯೊಳಗೆ ನಾಲ್ಕು ಎಳೆ: ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಮಾಹಿತಿಗೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಚಾರ್ಜಿಂಗ್ ತಂತಿಗಳಲ್ಲಿ ವಿದ್ಯುತ್ತಿನ ಎರಡು ಎಳೆ ಮಾತ್ರ ಇರುತ್ತವೆ. ನೋಡಲು ಎರಡೂ ಒಂದೇ ತರ. ದೊಡ್ಡವ್ವನ ಮನೆಯಲ್ಲಿದ್ದದ್ದು ಅಂಥ ತಂತಿ. ಅದರಿಂದ ರಿಮೋಟಿನ ದೀಪ ಹೊತ್ತುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಸುದ್ದಿ ಹೋಗುತ್ತಿರಲಿಲ್ಲ. ನಾಲ್ಕೆಳೆಯ ತಂತಿ ಹಾಕಿದೊಡನೆ ಕಂಪ್ಯೂಟರ್ ಟಿಂಗ್ ಎಂದಿತು. ನಡುವೆ ಯಾವ ಹಬ್ಬೂ ಇಲ್ಲದಂತೆ ನೇರವಾಗಿ ಯಂತ್ರದ ಹಿಂಬದಿಯ ಪೋರ್ಟಿಗೇ ಜೋಡಿಸಿದ್ದರು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಇಲ್ಲದಿದ್ದರೆ ದೋಷ ಯಾವುದರಲ್ಲಿತ್ತೆಂದು ಗೊತ್ತಾಗುವುದಿಲ್ಲ ಎಂಬುದು ಅವರ ನೇಮ.

ಈಗ ಕಂಪ್ಯೂಟರಿಗೆ ಯಾರೋ ಬಂದಿದ್ದಾರೆಂದು ತಿಳಿದಿತ್ತು, ಯಾರೆಂದು ತಿಳಿದಿರಲಿಲ್ಲ. 'ಗುರುತಿಸಲಾಗದ ಸಾಧನ' ಎಂಬ ಹಳದಿ ಚಿಹ್ನೆ ಬಂತು. ಪ್ರತಿ ಯುಎಸ್‌ಬಿ ಸಾಧನವೂ ಜೋಡಿಸಿದ ಕೂಡಲೇ ತಯಾರಕರ ಸಂಖ್ಯೆಯನ್ನೂ ತನ್ನ ಸಂಖ್ಯೆಯನ್ನೂ ಹೇಳುತ್ತದೆ. ಆ ಸಂಖ್ಯೆಗೆ ತಕ್ಕ ಡ್ರೈವರ್, ಅಂದರೆ ದುಭಾಷಿ ತಂತ್ರಾಂಶ, ಕಂಪ್ಯೂಟರಿನಲ್ಲಿ ಇರಬೇಕು. ರಿಮೋಟಿನ ಜೊತೆ ಬಂದ ಸಿ.ಡಿ.ಯಲ್ಲಿ ಡ್ರೈವರ್ ಇತ್ತು. ಅದು 32 ಬಿಟ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಈಗಿನ 64 ಬಿಟ್ ವಿಂಡೋಸ್ ಅಂಥ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಂಪನಿಯ ತಾಣದಲ್ಲಿ ಹೊಸದು ಸಿಗಲಿಲ್ಲ. ರಿಮೋಟು ಸರಿಯಿತ್ತು, ತಂತಿ ಸರಿಯಾಯಿತು, ಕಂಪ್ಯೂಟರೂ ಸರಿಯಿತ್ತು. ಅವುಗಳ ಕಾಲ ಮಾತ್ರ ಹೊಂದುತ್ತಿರಲಿಲ್ಲ.

ಹಾಗಾದರೆ ಹಳೆಯ ಕಾಲದ ಕಂಪ್ಯೂಟರ್ ಎಲ್ಲಿದೆ? ಅವರು ತಡಮಾಡದೆ ಹೇಳಿದರು: "ಡಿಟಿಪಿ ಅಂಗಡಿಯಾಗ." ಅದೇ ಓಣಿಯ ಡಿಟಿಪಿ ಕೇಂದ್ರದಲ್ಲಿ ಎಕ್ಸ್‌ಪಿ ಯಂತ್ರವೊಂದು ಇನ್ನೂ ಉಸಿರಾಡುತ್ತಿತ್ತು. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಯ ಕೈಬಿಟ್ಟಿದೆ. ಅಂಗಡಿಯವರು ಅದನ್ನು ಉಳಿಸಿಕೊಂಡದ್ದಕ್ಕೆ ಕಾರಣ ಕನ್ನಡ. ಯೂನಿಕೋಡ್ ಬಳಕೆ ಹಬ್ಬುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಮಾಡಿಟ್ಟ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಪುಸ್ತಕಗಳ ಸಾವಿರಾರು ಕಡತಗಳು ಆ ಯಂತ್ರದಲ್ಲಿವೆ. ಆ ಅಕ್ಷರವಿನ್ಯಾಸ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅವು ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತವೆ. ಒಂದೊಂದು ತಂತ್ರಾಂಶ ಕನ್ನಡ ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಟ್ಟಿದ್ದೇ ಅದಕ್ಕೆ ಕಾರಣ. ಫಿಲಿಪ್ಸ್‌ಗೊಂದು, ಸೋನಿಗೊಂದು ಮಿನುಗು ಇದ್ದಂತೆಯೇ ಇದು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಅಚ್ಚಿನ ಪೇಟೆಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು. ಕನ್ನಡದ ಆ ಹಳೆಯ ಗೊಂದಲಕ್ಕಾಗಿ ಜೀವ ಹಿಡಿದಿದ್ದ ಯಂತ್ರ ದೊಡ್ಡವ್ವನ ರಿಮೋಟಿಗೆ ಒದಗಿತು.

ಸಿ.ಡಿ. ಹಾಕಿ ಡ್ರೈವರ್ ಇಳಿಸಿದೆವು. ರಿಮೋಟು ಹೆಸರು ಹೇಳಿಕೊಂಡಿತು. ಅದರ ತಂತ್ರಾಂಶದ ಹಳೆಯ ಪಟ್ಟಿಯಲ್ಲಿ ಹೊಸ ಬಾಕ್ಸಿನ ಹೆಸರಿರಲಿಲ್ಲ. ಹಾಗಾಗಿ ಬಾಕ್ಸಿನ ಸ್ವಂತ ರಿಮೋಟನ್ನು ಎದುರಿಗೆ ಹಿಡಿದು ಒಂದೊಂದೇ ಗುಂಡಿಯ ಮಿನುಗನ್ನು ಕಲಿಸಿದೆವು. ಬಾಕ್ಸ್ ಎಚ್ಚರಗೊಳ್ಳಲು ಬೇಕಾದ ಹೊತ್ತು ಬಿಟ್ಟು ಚಾನೆಲ್ ಸಂಖ್ಯೆ ಕಳಿಸುವಂತೆ ದೊಡ್ಡ ಗುಂಡಿಯನ್ನು ಹೊಂದಿಸಿದೆವು. ಆ ಹೊಂದಾಣಿಕೆಯ ಕಡತದ ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡೆ. ರಿಪೇರಿಗಾರರು ತಮ್ಮ ಎಣ್ಣೆಜಿಡ್ಡಿನ ನೋಟುಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಂಡರು.

ಉಳಿಯುವುದು ಯಾವುದು

ಆ ನೋಟುಪುಸ್ತಕ ನನಗೆ ಚರಿತ್ರೆಯ ಆಕರವಾಗಿ ಕಾಣುತ್ತದೆ. ಯಾವ ವರ್ಷ ಯಾವ ಸೆಟ್ಟು ಹೆಚ್ಚು ಕೆಡುತ್ತಿತ್ತು, ಯಾವ ಬಿಡಿಭಾಗಕ್ಕೆ ಯಾವುದನ್ನು ಬದಲಿ ಹಾಕಿದರು, ಯಾವ ಹಳ್ಳಿಯಿಂದ ಯಾವ ಯಂತ್ರ ಬಂತು ಎಂಬುದೆಲ್ಲ ಕನ್ನಡ, ಉರ್ದು ಬೆರೆತ ಬರಹದಲ್ಲಿ ಅದರಲ್ಲಿದೆ. ತಂತ್ರಜ್ಞಾನದ ಚರಿತ್ರೆಯನ್ನು ನಾವು ಕಂಡುಹಿಡಿದವರ ಕತೆಯಾಗಿ ಓದುತ್ತೇವೆ. ಬೀದರಿನಂಥ ಜಿಲ್ಲೆಗೆ ಆ ಕತೆಯಲ್ಲಿ ಜಾಗ ಸಿಗುವುದು ಕಷ್ಟ. ದುರಸ್ತಿ ಮಾಡಿದವರ ಕತೆಯಾಗಿ ಬರೆದರೆ ಜಾಗ ತಾನಾಗಿ ಸಿಗುತ್ತದೆ.

ರಿಮೋಟಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಫಿಲಿಪ್ಸ್ 2010ರಲ್ಲಿ ಪ್ರಾಂಟೊ ನಿಲ್ಲಿಸುವುದಾಗಿ ಹೇಳಿತು. ಲಾಜಿಟೆಕ್ 2021ರ ಏಪ್ರಿಲ್‌ನಲ್ಲಿ ಹಾರ್ಮನಿಗಳ ತಯಾರಿ ನಿಲ್ಲಿಸಿತು. ಇರುವವುಗಳಿಗೆ ಬೆಂಬಲ ಮುಂದುವರಿಸುವುದಾಗಿ ತಿಳಿಸಿತು. ಆ ಮಾತು ಎಷ್ಟು ಕಾಲ ನಡೆದರೆ ಅಷ್ಟು ಕಾಲ ಆ ರಿಮೋಟುಗಳಿಗೆ ಹೊಸದನ್ನು ಕಲಿಸಬಹುದು. ಆರು ಮುಳ್ಳಿನ ಜೆಪಿ1 ರಿಮೋಟಿಗೆ ಇಂಥ ಹಂಗಿಲ್ಲ. ಅದರ ನೆನಪನ್ನು ಓದುವ ವಿಧಾನ ಬಳಸುವವರ ಕೈಯಲ್ಲೇ ಇದೆ. ನೂರು ಗುಂಡಿಯ ದುಬಾರಿ ರಿಮೋಟಿಗಿಂತ, ಎದುರು ಹಿಡಿದು ಕಲಿಸಬಹುದಾದ ಅಗ್ಗದ್ದು ಹೆಚ್ಚು ಕಾಲ ಬಾಳಬಹುದು.

ಕಲ್ಯಾಣದ ನೆಲದಲ್ಲಿ ಇದನ್ನು ಬರೆಯುವಾಗ ಇನ್ನೊಂದು ಮಾತು ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ವಚನಗಳು ನಮಗೆ ದಕ್ಕಿದ್ದು ಅವು ಕಲ್ಯಾಣದಲ್ಲೇ ಭದ್ರವಾಗಿ ಉಳಿದದ್ದರಿಂದಲ್ಲ. ಊರು ಚದುರಿದ ಮೇಲೂ ಅವನ್ನು ಓಲೆಯಿಂದ ಓಲೆಗೆ ನಕಲು ಮಾಡಿಕೊಂಡವರು ಇದ್ದರು. ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಅಲೆದು ಕಲೆಹಾಕಿ, 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವನ್ನು ಅಚ್ಚು ಮಾಡಿದರು. ವಚನಕ್ಕೂ ರಿಮೋಟಿಗೂ ಹೋಲಿಕೆಯಿಲ್ಲ. ಆದರೆ ಉಳಿಯುವ ದಾರಿ ಎರಡಕ್ಕೂ ಒಂದೇ: ನಕಲು ಮಾಡಲು ಬರಬೇಕು, ಮಾಡಿದ ನಕಲನ್ನು ಓದುವವರು ಇರಬೇಕು.

ಹಾಗಾಗಿ ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮೂರಿನ ರಿಪೇರಿ ಅಂಗಡಿಗೆ ಒಮ್ಮೆ ಹೋಗಿ. ಅಲ್ಲಿನ ಹಿರಿಯರು ದೋಷ ಹುಡುಕುವ ಕ್ರಮವನ್ನು ಕೇಳಿ ಬರೆದುಕೊಳ್ಳಿ. ಅವರ ಮಾತಿನಲ್ಲೇ, ಅವರ ಪದಗಳಲ್ಲೇ ಬರೆದುಕೊಳ್ಳಿ. ಡಿಟಿಪಿ ಕೇಂದ್ರದ ಹಳೆಯ ಯಂತ್ರ ಗುಜರಿಗೆ ಹೋಗುವ ಮೊದಲು ಅದರ ಕಡತಗಳನ್ನು ಯೂನಿಕೋಡಿಗೆ ತಂದಿಡಿ. ಮನೆಯಲ್ಲಿ ಇಂಥ ರಿಮೋಟಿದ್ದರೆ ಅದರ ತಂತಿ, ಸಿ.ಡಿ., ಹೊಂದಾಣಿಕೆಯ ಕಡತ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಮೇಲೆ ಹೆಸರು ಬರೆಯಿರಿ. ಮುಂದಿನ ಸಲ ಬಾಕ್ಸ್ ಬದಲಾದಾಗ ಯಾರಾದರೊಬ್ಬರು ಆ ಡಬ್ಬಿ ತೆರೆಯಬೇಕಾಗುತ್ತದೆ.